ನಮ್ಮ ಕಡೆಯ ಮಾತಿನ ಸಿನಿಮಾ: ಇಲ್ಲಿವರೆಗೆ ನೋಡಿದ್ದು

ಯುಗಾದಿ ಮುಗಿದ ಮೇಲೆ ಶುರು ಮಾಡಿದ ಕೆಲಸ ಇದು. ಉತ್ತರ ಕರ್ನಾಟಕದ ಮಾತು ಇರುವ ಕನ್ನಡ ಸಿನಿಮಾಗಳನ್ನು ಒಂದೊಂದಾಗಿ ಹುಡುಕಿ ನೋಡುವುದು, ನೋಡಿದ ರಾತ್ರಿಯೇ ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ಹಳೆಯದು ಹೊಸದು, ಪ್ರಶಸ್ತಿ ಬಂದದ್ದು ಹೊಡೆದಾಟದ್ದು, ಯಾವ ಭೇದವೂ ಇಲ್ಲ. ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಮಾತಾಡುವ ರೌಡಿಗಳು, ಹವಾಲ್ದಾರರು, ನಗಿಸುವ ಗೆಳೆಯರು ಸಿನಿಮಾದಲ್ಲಿ ಬೇಕಾದಷ್ಟು ಸಿಗುತ್ತಾರೆ. ಅದೇ ಮಾತಿನಲ್ಲಿ ಅಳುವವರು, ಪ್ರೀತಿ ಮಾಡುವವರು, ಸುಮ್ನೆ ಕೂತು ಯೋಚನೆ ಮಾಡುವವರು ಎಲ್ಲಿದ್ದಾರೆ? ಅವರನ್ನು ಹುಡುಕುತ್ತಿದ್ದೇನೆ.

ನೋಟ್‌ಬುಕ್ಕಿನಲ್ಲಿ ನಾಲ್ಕು ಕಲಂ ಗೆರೆ ಎಳೆದಿದ್ದೇನೆ. ಸಿನಿಮಾದ ಹೆಸರು, ನಮ್ಮ ಮಾತು ಆಡುವವರು ಯಾರು, ಅವರ ಕಸುಬು ಏನು, ಅವರಿಗೆ ದುಃಖದ ದೃಶ್ಯ ಒಂದಾದರೂ ಇದೆಯೋ ಇಲ್ಲವೋ. ಶುರುವಿನಲ್ಲಿ ಈ ಕೊನೆಯ ಕಲಂ ಖಾಲಿ ಖಾಲಿಯೇ ಇತ್ತು. ಈಗ ಸ್ವಲ್ಪ ತುಂಬಿದೆ.

ನೋಡುವ ಜಾಗ ಬಾಗಲಕೋಟೆ ನವನಗರದ ನಮ್ಮ ಮನೆಯ ಮಾಳಿಗೆ. ತಮ್ಮ ತಂದ ಸಣ್ಣ ಪ್ರೊಜೆಕ್ಟರ್, ನೀರಿನ ಟ್ಯಾಂಕಿನ ಪಕ್ಕದ ಬಿಳಿ ಗೋಡೆ, ಎರಡು ಚಾಪೆ. ಭಾನುವಾರ ರಾತ್ರಿ ಊಟ ಆದ ಮೇಲೆ ಅವ್ವ, ಅಪ್ಪ, ಬಾಜೂ ಮನೆಯ ಕಾಕಾ, ಕಾಕು ಎಲ್ಲ ಮೇಲೆ ಬರುತ್ತಾರೆ. ಚುರುಮುರಿ ಸೂಸಲಾ ಇದ್ದರೆ ಇನ್ನೂ ಒಂದಿಬ್ಬರು ಜಾಸ್ತಿ. ಪ್ರೊಜೆಕ್ಟರಿನ ಒಳಗಿನ ಸ್ಪೀಕರ್ ಕೆಲಸಕ್ಕೆ ಬರಲಿಲ್ಲ. ಅದರಲ್ಲಿ ಪದಗಳ ಕೊನೆ ನುಂಗಿ ಹೋಗುತ್ತದೆ. ನಮ್ಮ ಮಾತಿನ ಮರ್ಯಾದೆ, ಸಿಟ್ಟು, ಸಲಿಗೆ ಎಲ್ಲ ಇರುವುದೇ ಆ ಕೊನೆಯಲ್ಲಿ. ಹಾಗಾಗಿ ಬೇರೆ ಸ್ಪೀಕರನ್ನು ವೈರ್ ಹಾಕಿ ಜೋಡಿಸಿದೆವು. ಬ್ಲೂಟೂತ್‌ನಲ್ಲಿ ತುಟಿ ಮೊದಲು ಆಡಿ ಮಾತು ಆಮೇಲೆ ಬರುತ್ತಿತ್ತು. ವೈರ್ ಹಾಕಿದ ಮೇಲೆ ಆ ಕಾಟ ಇಲ್ಲ.

ಇಲ್ಲಿವರೆಗೆ ನೋಡಿದ್ದರಲ್ಲಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು ಗಿರೀಶ್ ಕಾಸರವಳ್ಳಿ ಅವರ ‘ಕನಸೆಂಬೊ ಕುದುರೆಯನೇರಿ’. ಅಮರೇಶ ನುಗಡೋಣಿ ಅವರ ‘ಸವಾರಿ’ ಎಂಬ ಕಥೆಯಿಂದ ಮಾಡಿದ್ದು. ಊರಿನಲ್ಲಿ ಯಾರಾದರೂ ಸತ್ತರೆ ಕುಣಿ ತೋಡುವ ಈರ್ಯಾ, ಅವನ ಹೆಂಡತಿ ರುದ್ರಿ. ಈರ್ಯಾನ ಕನಸಿನಲ್ಲಿ ಸಿದ್ಧ ಎಂಬ ಸಾಧು ಬಂದರೆ ಊರಲ್ಲಿ ಒಂದು ಸಾವು ಖಂಡಿತ ಎಂದು ಅವನ ನಂಬಿಕೆ. ಹಾಗೆ ಕನಸು ಬಿದ್ದ ಒಂದು ದಿನ ಅವನು ಹಾರೆ, ಸಲಿಕೆ ನೆನೆಸಿಕೊಂಡು ಎದ್ದು ಊರ ಗೌಡರ ಮನೆಗೆ ಹೋಗುತ್ತಾನೆ. ಯಾರೂ ಸತ್ತಿಲ್ಲ ಅನ್ನುತ್ತಾರೆ. ಕನಸು ಸುಳ್ಳಾಯಿತು ಎಂದು ಅವನ ಜೀವವೇ ಕುಗ್ಗುತ್ತದೆ. ಆಮೇಲೆ ಸಿನಿಮಾ ಅದೇ ದಿನಗಳನ್ನು ಗೌಡರ ಮನೆಯ ಒಳಗಿನಿಂದ ಮತ್ತೊಮ್ಮೆ ತೋರಿಸುತ್ತದೆ. ಅಲ್ಲಿ ಗೌಡರು ತೀರಿಹೋಗಿದ್ದಾರೆ, ಒಳಗಿನವರು ಅದನ್ನು ಮುಚ್ಚಿಟ್ಟಿದ್ದಾರೆ!

ಈ ಜಾಗ ಬಂದಾಗ ಮಾಳಿಗೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ಬಡವನ ಕನಸು ನಿಜವೇ ಇತ್ತು, ದೊಡ್ಡ ಮನೆಯವರ ಮಾತು ಸುಳ್ಳಿತ್ತು. ಆದರೆ ಅದು ನಮಗೆ ಗೊತ್ತಾಗುತ್ತದೆ, ಈರ್ಯಾನಿಗೆ ಗೊತ್ತಾಗುವುದಿಲ್ಲ. ಈ ಚಿತ್ರಕಥೆಗೆ ರಾಷ್ಟ್ರ ಪ್ರಶಸ್ತಿ ಬಂದಿದೆ, ಅತ್ಯುತ್ತಮ ಕನ್ನಡ ಚಿತ್ರ ಎಂದೂ ಬಂದಿದೆ. ಬರಲೇಬೇಕಿತ್ತು.

ಈರ್ಯಾ ಆಗಿರುವವರು ಬೀದರ್ ಕಡೆಯ ವೈಜನಾಥ ಬಿರಾದಾರ. ಕುಡುಕನಾಗಿ, ಭಿಕ್ಷುಕನಾಗಿ ಎರಡು ನಿಮಿಷ ಬಂದು ನಗಿಸಿ ಹೋಗುವ ಪಾತ್ರಗಳಲ್ಲಿ ಅವರನ್ನು ಎಷ್ಟು ಸಲ ನೋಡಿಲ್ಲ ನಾವು! ಇಲ್ಲಿ ಅದೇ ಸಣಕಲು ಮೈ, ಅದೇ ದನಿ. ಆದರೆ ನಗುವುದಕ್ಕೆ ಮನಸ್ಸೇ ಬರುವುದಿಲ್ಲ. ಮಾತು ಮುಗಿದ ಮೇಲೂ ಅವರ ತುಟಿ ಒಂದು ಕ್ಷಣ ಅಲ್ಲಾಡುತ್ತಿರುತ್ತದೆ, ಇನ್ನೂ ಏನೋ ಹೇಳುವುದಿದೆ, ಹೇಳಿದರೆ ಕೇಳುವವರಿಲ್ಲ ಅನ್ನುವ ಹಾಗೆ. ದೊಡ್ಡವರ ಬಾಗಿಲಲ್ಲಿ ನಿಂತ ನಮ್ಮ ಹಿರಿಯರನ್ನು ನಾನು ಹಾಗೇ ನೋಡಿದ್ದೇನೆ. ಮ್ಯಾಡ್ರಿಡ್‌ನ ಇಮ್ಯಾಜಿನ್ ಇಂಡಿಯಾ ಚಿತ್ರೋತ್ಸವದಲ್ಲಿ ಈ ಪಾತ್ರಕ್ಕೆ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಸಿಕ್ಕಿತು. ನಮ್ಮಲ್ಲಿ ಎಷ್ಟು ಜನರಿಗೆ ಇದು ಗೊತ್ತು? ರುದ್ರಿಯಾಗಿ ಉಮಾಶ್ರೀ. ನಮ್ಮ ಜಿಲ್ಲೆಯ ತೇರದಾಳದಿಂದ 2013ರಲ್ಲಿ ವಿಧಾನಸಭೆಗೆ ಗೆದ್ದವರು ಎಂದು ಕಾಕಾನಿಗೆ ಅವರ ಮೇಲೆ ಮೊದಲೇ ಅಭಿಮಾನ. ಸಿನಿಮಾ ನೋಡಿದ ಮೇಲೆ ಅದು ಇನ್ನಷ್ಟು ಹೆಚ್ಚಾಗಿದೆ.

ಎರಡನೆಯ ದೊಡ್ಡ ಖುಷಿ ‘ಶಿವಮ್ಮ’. ಜೈಶಂಕರ್ ಆರ್ಯರ್ ನಿರ್ದೇಶನ, ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ ಕಥೆ. 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದ ಮೇಲೆ, 2024ರಲ್ಲಿ ಇಲ್ಲಿ ಬಿಡುಗಡೆ ಆಯಿತು. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸು ಶಿವಮ್ಮ. ಗಂಡ ಹಾಸಿಗೆ ಹಿಡಿದಿದ್ದಾನೆ, ಮದುವೆಗೆ ಬಂದ ಮಗಳಿದ್ದಾಳೆ. ಶಕ್ತಿ ಬರುವ ಪುಡಿ ಮಾರುವ ಚೈನ್ ವ್ಯವಹಾರಕ್ಕೆ ಇದ್ದ ದುಡ್ಡು ಹಾಕಿ, ಊರೆಲ್ಲ ತಿರುಗಿ ಮಾರಲು ನೋಡುತ್ತಾಳೆ. ಶರಣಮ್ಮ ಚಟ್ಟಿ ಎಂಬುವರು ಆ ಪಾತ್ರ ಮಾಡಿದ್ದಾರೆ. ವೃತ್ತಿ ಕಲಾವಿದೆ ಅಲ್ಲ.

ಅವ್ವ ಈ ಸಿನಿಮಾಕ್ಕೆ ಸೋಸಲು ಮೆಂತ್ಯ ಪಲ್ಲೆ ತಂದುಕೊಂಡು ಕೂತಿದ್ದಳು. ಸ್ವಲ್ಪ ಹೊತ್ತಿಗೆ ಕೈ ನಿಂತಿತು. ಶಿವಮ್ಮ ಒಬ್ಬರ ಮನೆ ಬಾಗಿಲಿಗೆ ಹೋಗಿ ಮಾತು ಶುರು ಮಾಡುವ ರೀತಿ ನೋಡಿ, ‘ಇಕಿ ನಮ್ಮಕೀನ ನೋಡು. ರೊಕ್ಕದ ಮಾತು ನೆಟ್ಟಗ ಆಡಂಗಿಲ್ಲ, ಮೊದ್ಲ ಆರಾಮ ಇದ್ದೀರೇನು ಅಂತಾಳ’ ಅಂದಳು. ನನ್ನ ನಾಲ್ಕು ಕಲಮಿನಲ್ಲಿ ಹಿಡಿಸದ ವಿಷಯ ಅದು. ಮಾತಿನ ಪದ ಯಾರಾದರೂ ಕಲಿಯಬಹುದು. ಮಾತನ್ನು ಎಲ್ಲಿಂದ ಶುರು ಮಾಡಬೇಕು, ಎಷ್ಟು ಹೊತ್ತು ಸುತ್ತಬೇಕು ಅನ್ನುವುದು ಆ ನೆಲದಲ್ಲಿ ಬಾಳಿದವರಿಗೇ ಗೊತ್ತು. ಈ ಸಿನಿಮಾದಲ್ಲಿ ಅದು ಉದ್ದಕ್ಕೂ ಇದೆ. ಶಿವಮ್ಮನನ್ನು ಪಾಪದವಳು ಎಂದು ತೋರಿಸಿಲ್ಲ, ದೇವತೆ ಎಂದೂ ತೋರಿಸಿಲ್ಲ. ಆಕೆಯ ಹಟ ನೋಡಿ ನನಗೆ ಸಿಟ್ಟೂ ಬಂತು, ಕರುಳೂ ಚುರ್ ಅಂತು.

ಕಾಕು ಅಂತೂ ಮರುದಿನ ಮುಂಜಾನೆ ಗೇಟಿನ ಹತ್ತಿರ ನಿಲ್ಲಿಸಿ, ಆ ಪುಡಿ ಮಾರುವವರು ನಮ್ಮ ಓಣಿಗೂ ಬಂದಿದ್ದರಲ್ಲ ಎಂದು ಅರ್ಧ ಗಂಟೆ ಮಾತಾಡಿದರು.

‘ನಾಗಮಂಡಲ’ವನ್ನು ಚಿಕ್ಕವನಿದ್ದಾಗ ಟೀವಿಯಲ್ಲಿ ನೋಡಿದ್ದೆ, ಹಾಡು ಬಿಟ್ಟು ಬೇರೆ ನೆನಪಿರಲಿಲ್ಲ. 1997ರ ಸಿನಿಮಾ. ಗಿರೀಶ ಕಾರ್ನಾಡರ ನಾಟಕ, ನಾಗಾಭರಣ ನಿರ್ದೇಶನ. ಗೋಪಾಲ ವಾಜಪೇಯಿ ಬರೆದ ಹಾಡು, ಸಿ. ಅಶ್ವಥ್ ಸಂಗೀತ. ಈ ಸಲ ಗಮನ ಕೊಟ್ಟು ಕೇಳಿದೆ. ಪ್ರಕಾಶ್ ರೈ ನಮ್ಮ ಕಡೆಯವರಲ್ಲ, ಮಂಡ್ಯ ರಮೇಶ್ ಅವರ ಊರು ಹೆಸರಿನಲ್ಲೇ ಇದೆ. ಆದರೂ ಮಾತು ಎಲ್ಲೂ ಒದ್ದಾಡುವುದಿಲ್ಲ. ಹಗಲು ಗಂಡ, ರಾತ್ರಿ ಗಂಡನ ರೂಪದ ನಾಗ. ಪ್ರಕಾಶ್ ರೈ ಎರಡಕ್ಕೂ ಮಾತಿನ ವೇಗ ಬೇರೆ ಇಟ್ಟಿದ್ದಾರೆ. ಅಪ್ಪಣ್ಣ ಮಾತನ್ನು ಕಲ್ಲಿನಂತೆ ಎಸೆಯುತ್ತಾನೆ. ನಾಗಪ್ಪ ಅದೇ ಮಾತನ್ನು ಮೆತ್ತಗೆ, ಎಳೆದು ಆಡುತ್ತಾನೆ. ನಮ್ಮ ಮಾತು ಗಡುಸು ಅನ್ನುವವರಿಗೆ ಆ ರಾತ್ರಿಯ ದೃಶ್ಯಗಳನ್ನು ತೋರಿಸಬೇಕು. ಪ್ರೀತಿಯ ಕಲಂ ಇಲ್ಲ ನನ್ನ ನೋಟ್‌ಬುಕ್ಕಿನಲ್ಲಿ, ಈಗ ಒಂದು ಗೆರೆ ಎಳೆಯಬೇಕು.

‘ಕಿತ್ತೂರು ಚೆನ್ನಮ್ಮ’ ಅಪ್ಪನ ಆಯ್ಕೆ. ಬಿ.ಆರ್. ಪಂತುಲು ಅವರ 1961ರ ಕಪ್ಪು ಬಿಳುಪು ಸಿನಿಮಾ. ಬಿ. ಸರೋಜಾದೇವಿ ಚೆನ್ನಮ್ಮ, ರಾಜ್‌ಕುಮಾರ್ ಮಲ್ಲಸರ್ಜ. ಇಲ್ಲಿ ಎಲ್ಲರೂ ನಾಟಕದ ಪುಸ್ತಕದ ಕನ್ನಡ ಆಡುತ್ತಾರೆ. ಕಿತ್ತೂರಿನ ಮಾತು ಕಿವಿಗೆ ಬೀಳುವುದಿಲ್ಲ ಅಂದೆ. ಕಾಕಾ ಒಪ್ಪಲಿಲ್ಲ. ‘ಕಂಪನಿ ನಾಟಕದಾಗ ರಾಜಾ ರಾಣಿ ಹಿಂಗಽ ಮಾತಾಡ್ತಿದ್ರು ತಮ್ಮಾ, ನಾವು ಅದನ್ನ ಕೇಳಿ ಬೆಳದವ್ರು’ ಅಂದರು. ಯೋಚಿಸಿದರೆ ಅವರ ಮಾತಿನಲ್ಲಿ ತೂಕ ಇದೆ. ಆ ಭಾಷೆಯೂ ನಮ್ಮ ಊರುಗಳ ಜಾತ್ರೆಯಲ್ಲಿ, ನಾಟಕದ ತಗಡಿನ ಥಿಯೇಟರಿನಲ್ಲಿ ನಮ್ಮ ಜನರ ಬಾಯಲ್ಲೇ ಬೆಳೆಯಿತು. 1824ರ ಅಕ್ಟೋಬರ್‌ನಲ್ಲಿ ಕಿತ್ತೂರಿನ ಮುಂದೆ ಬ್ರಿಟಿಷ್ ಅಧಿಕಾರಿ ಥ್ಯಾಕರೆ ಸತ್ತ ಕಥೆ ಅಪ್ಪನಿಗೆ ಬಾಯಿಪಾಠ. ಬೈಲಹೊಂಗಲದಲ್ಲಿ ಚೆನ್ನಮ್ಮನ ಸೆರೆ ನೆನೆದರೆ ಈಗಲೂ ಕಣ್ಣು ಒರೆಸಿಕೊಳ್ಳುತ್ತಾನೆ. ಈ ಸಿನಿಮಾವನ್ನು ನನ್ನ ಅಳತೆಯಿಂದ ಅಳೆಯುವುದು ಬೇಡ ಎಂದು ಬೇರೆ ಹಾಳೆಯಲ್ಲಿ ಬರೆದಿಟ್ಟಿದ್ದೇನೆ.

ಹೊಸದರಲ್ಲಿ ‘ಗುರುದೇವ್ ಹೊಯ್ಸಳ’ ನೋಡಿದೆವು. 2023ರದ್ದು, ಬೆಳಗಾವಿಯ ಪೊಲೀಸ್ ಕಥೆ, ಧನಂಜಯ್ ಹೀರೋ. ಮರ್ಯಾದೆ ಹೆಸರಲ್ಲಿ ಮಾಡುವ ಕೊಲೆಯ ವಿಷಯ ಇಟ್ಟುಕೊಂಡದ್ದು ಧೈರ್ಯ. ಆದರೆ ಹೊಡೆದಾಟಕ್ಕೆ ಸಿಕ್ಕ ಜಾಗ ಪ್ರೀತಿ ಮಾಡಿದ ಜೋಡಿಗೆ ಸಿಗಲಿಲ್ಲ ಅನ್ನಿಸಿತು. ಬಲಿ ಎಂಬ ಖಳನ ಪಾತ್ರದ ನವೀನ್ ಶಂಕರ್ ಮಾತ್ರ ಮನಸ್ಸಲ್ಲಿ ಉಳಿದರು. ದನಿ ಏರಿಸದೆ ಹೆದರಿಸುತ್ತಾರೆ. ‘ರತ್ನನ್ ಪ್ರಪಂಚ’ದಲ್ಲಿ ಗದಗಿನ ಉಡಾಳ ಬಾಬುರಾವ್ ಆಗಿ ಬರುವ ಪ್ರಮೋದ್ ನಗಿಸುತ್ತಾರೆ, ಹೊಡೆಯುತ್ತಾರೆ, ಆಮೇಲೆ ತಾಯಿಯ ವಿಷಯ ಬಂದಾಗ ಒಳಗಿನಿಂದ ಒಡೆಯುತ್ತಾರೆ. ಕೊನೆಯ ಕಲಂ ತುಂಬಿತು!

2025ರ ‘ಹೆಬ್ಬುಲಿ ಕಟ್’ ಬಗ್ಗೆ ಎರಡು ಮಾತು ಜಾಸ್ತಿ ಬರೆಯಬೇಕು. ಭೀಮರಾವ್ ನಿರ್ದೇಶನ. ‘ಹೆಬ್ಬುಲಿ’ಯಲ್ಲಿ ಸುದೀಪ್ ಮಾಡಿಸಿದ್ದ ಕಟಿಂಗ್ ತನಗೂ ಬೇಕು ಎಂದು ಹಳ್ಳಿಯ ಹುಡುಗನೊಬ್ಬನ ಆಸೆ. ಅಷ್ಟೇ. ಆ ಆಸೆಗೆ ಅಡ್ಡ ಬರುವುದು ಅವನ ಜಾತಿ. 2017ರಲ್ಲಿ ಆ ಸಿನಿಮಾ ಬಂದಾಗ ನಮ್ಮ ಕಡೆಯ ಕಾಲೇಜು ಹುಡುಗರೆಲ್ಲ ಅದೇ ಕಟಿಂಗಿನಲ್ಲಿ ತಿರುಗುತ್ತಿದ್ದರು. ಕಟಿಂಗ್ ಅಂಗಡಿಯ ಕುರ್ಚಿಯಲ್ಲಿ ಕೂರುವುದು ಕೆಲವರಿಗೆ ಎಂಥ ದೂರದ ದಾರಿ ಎಂದು ಆಗ ಯಾರೂ ಸಿನಿಮಾ ಮಾಡಿರಲಿಲ್ಲ. ನೋಡಿ ಮುಗಿದ ಮೇಲೆ ಮಾಳಿಗೆ ಮೇಲೆ ಬಹಳ ಹೊತ್ತು ಮಾತು ನಡೆಯಿತು. ಕಾಕಾ ತಮ್ಮ ಹಳ್ಳಿಯ ಹಳೆಯ ವಿಷಯ ಒಂದೊಂದೇ ತೆಗೆದರು. ಅಪ್ಪ ಎದುರು ವಾದ ಮಾಡದೆ ಕೇಳಿದ. ಇಂಥ ಮಾತು ನಮ್ಮ ಮನೆಯಲ್ಲಿ ಹಿಂದೆ ನಡೆದದ್ದು ನನಗೆ ನೆನಪಿಲ್ಲ.

ಮಧ್ಯದಲ್ಲಿ ಒಂದು ವಾರ ದಾರಿ ಬಿಟ್ಟು ಹಿಂದಿಯ ‘ಕಿಸ್ಮತ್’ ಹಾಕಿದೆ. 1943ರದ್ದು. ಕಾರಣ ಬೀಳಗಿಯ ಗಾಯಕಿ ಅಮೀರ್‌ಬಾಯಿ ಕರ್ನಾಟಕಿ. ‘ದೂರ್ ಹಟೋ’ ಹಾಡಿನಲ್ಲಿ ಖಾನ್ ಮಸ್ತಾನ ಜೊತೆ ಕೇಳುವ ಹೆಣ್ಣು ದನಿ ಅವರದು. ನಮ್ಮಿಂದ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿನಲ್ಲಿ ಮುಟ್ಟುವ ಊರಿನ ಹೆಣ್ಣುಮಗಳು ಮುಂಬೈಗೆ ಹೋಗಿ ದೇಶಕ್ಕೆಲ್ಲ ಹಾಡಿದಳು, ಹೆಸರಿನ ಕೊನೆಗೆ ಕರ್ನಾಟಕಿ ಎಂದೇ ಇಟ್ಟುಕೊಂಡಳು. ವಿಜಯಪುರದ ಅಮೀರ್ ಟಾಕೀಸ್ ಮುಂದೆ ಎಷ್ಟೋ ಸಲ ಓಡಾಡಿದ ಅವ್ವನಿಗೂ ಆ ಹೆಸರು ಇವರದು ಎಂದು ಗೊತ್ತಿರಲಿಲ್ಲ.

ಮುಂದಿನ ಸಾಲಿನಲ್ಲಿ ಘೋಡಗೇರಿಯ ಚಂದ್ರಶೇಖರ ಕಂಬಾರರು ಇದ್ದಾರೆ. ಅವರ ಕಾದಂಬರಿಯಿಂದ ನಾಗಾಭರಣ ಮಾಡಿದ ‘ಸಿಂಗಾರೆವ್ವ’ ಸಿಕ್ಕಿದೆ, ಬರುವ ಭಾನುವಾರ ಅದನ್ನೇ ಹಾಕುತ್ತೇವೆ. ಕಂಬಾರರೇ ನಿರ್ದೇಶಿಸಿದ ‘ಕಾಡುಕುದುರೆ’ ನೋಡುವ ಆಸೆ ದೊಡ್ಡದು. ಅದರ ಹಾಡಿಗೆ ಶಿವಮೊಗ್ಗ ಸುಬ್ಬಣ್ಣ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂದದ್ದು ಎಲ್ಲರಿಗೂ ಗೊತ್ತು, ಹಾಡೂ ಎಲ್ಲ ಕಡೆ ಸಿಗುತ್ತದೆ. ಪೂರ್ತಿ ಸಿನಿಮಾದ ಚೊಲೋ ಪ್ರಿಂಟ್ ನನ್ನ ಕೈಗೆ ಇನ್ನೂ ಸಿಕ್ಕಿಲ್ಲ. ಎಲ್ಲಾದರೂ ನೋಡಿದವರು ಇದ್ದರೆ ದಯವಿಟ್ಟು ತಿಳಿಸಿ. ಅಲ್ಲಿಯವರೆಗೆ ‘ಸಂತ ಶಿಶುನಾಳ ಶರೀಫ’ ಹಾಕಬೇಕು ಎಂದು ಕಾಕು ಆಗಲೇ ಪಟ್ಟು ಹಿಡಿದಿದ್ದಾರೆ, ಹಾಡುಗಳೆಲ್ಲ ಅವರಿಗೆ ಬಾಯಿಗೆ ಬರುತ್ತವೆ.