ಬೋರ್ಡ್ ಆಮೇಲೆ ಹಾಕಿ, ಮೊದಲು ರಸ್ತೆ ದಾಟಿಸಿ

ಬಡಾವಣೆಗೆ ಸೈಕಲ್ ದಾರಿ ಮಾಡುತ್ತೇವೆ ಅಂತ ಹೊರಟವರು ಸಾಮಾನ್ಯವಾಗಿ ಮೊದಲು ಕೈ ಹಾಕುವುದು ಬೋರ್ಡಿಗೆ. ಕಂಬ ನೆಡುವುದು, ಸೈಕಲ್ ಚಿತ್ರದ ಫಲಕ ತಗುಲಿಸುವುದು, ರಸ್ತೆ ಮೇಲೆ ಒಂದಿಷ್ಟು ಬಿಳಿ ಬಣ್ಣ. ಖರ್ಚು ಕಡಿಮೆ, ಫೋಟೊ ಚೆನ್ನಾಗಿ ಬರುತ್ತದೆ, ಪಾರ್ಕಿಂಗ್ ಹೋಯಿತು ಅಂತ ಯಾರೂ ಜಗಳಕ್ಕೆ ಬರುವುದಿಲ್ಲ. ನನ್ನ ತಕರಾರು ಇರುವುದೇ ಇಲ್ಲಿ. ಬೋರ್ಡು ಕೊನೆಯ ಕೆಲಸ. ದೊಡ್ಡ ರಸ್ತೆ ದಾಟಿಸುವುದು ಮೊದಲನೆಯದು.

ಊರ ಹೊರಗಿನ ಬಡಾವಣೆಗಳ ನಕ್ಷೆ ಒಮ್ಮೆ ಹರಡಿಕೊಂಡು ನೋಡಿ. ಒಳರಸ್ತೆಗಳು ಬಹುಪಾಲು ಶಾಂತ. ಅಲ್ಲಿ ಈಗಲೂ ಮಕ್ಕಳು ಸೈಕಲ್ ಹೊಡೆಯುತ್ತಾರೆ, ಯಾವ ಯೋಜನೆಯೂ ಬೇಕಿಲ್ಲ. ಆದರೆ ಆ ಒಳರಸ್ತೆಗಳೆಲ್ಲ ಕೊನೆಗೆ ಹೋಗಿ ಬೀಳುವುದು ನಾಲ್ಕು ಲೇನಿನ ಒಂದು ರಸ್ತೆಗೆ. ಶಾಲೆ, ಲೈಬ್ರರಿ, ಬಸ್ ನಿಲ್ದಾಣ ಇರುವುದು ಅದರ ಆಚೆ. ಹಾಗಾಗಿ ಎರಡು ಕಿಲೋಮೀಟರ್ ದಾರಿಯಲ್ಲಿ 1,980 ಮೀಟರ್ ನೆಮ್ಮದಿಯಾಗಿದ್ದು ಉಳಿದ 20 ಮೀಟರ್ ಭಯಾನಕವಾಗಿದ್ದರೆ, ಮನೆಯವರು ಮಗುವಿನ ಕೈಗೆ ಸೈಕಲ್ ಕೊಡುವುದಿಲ್ಲ. ಕಾರಿನ ಕೀಲಿ ತೆಗೆದುಕೊಳ್ಳುತ್ತಾರೆ. ನೀವಾದರೂ ಅದನ್ನೇ ಮಾಡುತ್ತೀರಿ, ಅಲ್ವಾ?

ಇದು ಸುಮ್ನೆ ನನ್ನ ಅನಿಸಿಕೆ ಅಲ್ಲ. 2012ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ನಗರದ ಮೇಲೆ ಒಂದು ಅಧ್ಯಯನ ಬಂತು. ಪ್ರತಿ ರಸ್ತೆಗೂ ಸೈಕಲ್ ಸವಾರನಿಗೆ ಎಷ್ಟು ಭಯ ಆಗುತ್ತದೆ ಅನ್ನುವ ಲೆಕ್ಕದಲ್ಲಿ 1ರಿಂದ 4ರವರೆಗೆ ಅಂಕ ಕೊಟ್ಟರು. 1 ಅಂದರೆ ಮಕ್ಕಳಿಗೂ ಸರಿ, 2 ಅಂದರೆ ಸಾಮಾನ್ಯ ವಯಸ್ಕರಿಗೆ ಸರಿ, 4 ಅಂದರೆ ಗುಂಡಿಗೆ ಗಟ್ಟಿ ಇದ್ದವರಿಗೆ ಮಾತ್ರ. ಒಂದು ದಾರಿಯ ಅಂಕ ಸರಾಸರಿ ಅಲ್ಲ, ಅದರಲ್ಲಿರುವ ಅತಿ ಕೆಟ್ಟ ತುಂಡಿನ ಅಂಕವೇ ಇಡೀ ದಾರಿಯ ಅಂಕ. ಈ ನಿಯಮ ನನಗೆ ತುಂಬ ಹಿಡಿಸಿತು. ಆಮೇಲೆ ನಕ್ಷೆಯಿಂದ ಭಯದ ರಸ್ತೆಗಳನ್ನು ಅಳಿಸಿ ನೋಡಿದರೆ ಇಡೀ ಊರು ಚೂರು ಚೂರು ದ್ವೀಪಗಳಾಗಿ ಕಾಣಿಸಿತು. ಕೆಲಸಕ್ಕೆ ಹೋಗುವ, ಆರು ಮೈಲಿ ಒಳಗಿನ, ಅಂದರೆ ಹತ್ತು ಕಿಲೋಮೀಟರಿಗೆ ಒಂಚೂರು ಕಡಿಮೆ ದೂರದ ಪ್ರಯಾಣಗಳಲ್ಲಿ 2ನೇ ಅಂಕ ದಾಟದೆ, ವಿಪರೀತ ಸುತ್ತದೆ ಮುಗಿಸಬಹುದಾದದ್ದು ಬರೀ 4.7%. ಮಕ್ಕಳಿಗೆ ಸರಿ ಅನ್ನುವ 1ನೇ ಅಂಕದಲ್ಲಿ 0.4%. ಆದರೆ ಆಯ್ದ ಜಾಗಗಳಲ್ಲಿ ಒಟ್ಟು 32 ಮೈಲಿ ಉದ್ದದಷ್ಟು ರಸ್ತೆ ಸುಧಾರಿಸಿ, ಕೆಲವು ಜಂಕ್ಷನ್‌ಗಳನ್ನು ಸರಿಪಡಿಸಿದರೆ ಆ 4.7% ಹತ್ತಿರ ಹತ್ತಿರ ಮೂರು ಪಟ್ಟಾಗುತ್ತದೆ ಅಂತಲೂ ಅದೇ ಅಧ್ಯಯನ ಲೆಕ್ಕ ಹಾಕಿತು. ಎಲ್ಲ ಕಡೆ ಸ್ವಲ್ಪ ಸ್ವಲ್ಪ ಮಾಡಿದ್ದಕ್ಕೆ ಬಂದ ಫಲ ಅಲ್ಲ ಅದು. ದ್ವೀಪಗಳ ನಡುವೆ ಎಲ್ಲಿ ತುಂಡಾಗಿದೆಯೋ ಅಲ್ಲೇ ಹೊಲಿಗೆ ಹಾಕಿದ್ದಕ್ಕೆ.

ಯಾರಿಗಾಗಿ ಮಾಡುತ್ತಿದ್ದೇವೆ ಅನ್ನುವುದೂ ಮೊದಲೇ ತೀರ್ಮಾನ ಆಗಬೇಕು. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದಲ್ಲಿ ಸೈಕಲ್ ಯೋಜನೆ ನೋಡಿಕೊಳ್ಳುತ್ತಿದ್ದ ರೋಜರ್ ಗೆಲ್ಲರ್ 2006ರಲ್ಲಿ ಜನರನ್ನು ನಾಲ್ಕು ಗುಂಪು ಮಾಡಿದರು. ಯಾವ ರಸ್ತೆಯಾದರೂ ನುಗ್ಗುವ ಭಂಡರು, ಲೇನ್ ಇದ್ದರೆ ಹೊರಡುವವರು, ಆಸೆ ಇದ್ದೂ ಹೆದರುವವರು, ಏನೇ ಮಾಡಿದರೂ ಸೈಕಲ್ ಮುಟ್ಟದವರು. ಅವರ ಅಂದಾಜಿನಲ್ಲಿ ಆಸೆ ಇದ್ದೂ ಹೆದರುವವರೇ ಸುಮಾರು 60%. ತಮಾಷೆ ಏನೆಂದರೆ ಸೈಕಲ್ ವಿಷಯಕ್ಕೆ ಮೀಟಿಂಗ್ ಕರೆದರೆ ಬರುವವರು ಮೊದಲ ಎರಡು ಗುಂಪಿನವರು. ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡೇ ಬಂದಿರುತ್ತಾರೆ. "ನಾನು ದಿನಾ ಆ ರಸ್ತೆ ದಾಟುತ್ತೇನೆ, ಏನೂ ತೊಂದರೆ ಇಲ್ಲ" ಅನ್ನುವವರು ಅವರೇ. ಅವರ ಮಾತು ಕೇಳಿ, ಬೇಡ ಅನ್ನುವುದಿಲ್ಲ. ಆದರೆ ದಾರಿ ಅವರಿಗೆ ಅಂತ ಗೆರೆ ಎಳೆದರೆ ಕೆಟ್ಟಿತು.

ಈಗ ಆ 20 ಮೀಟರ್ ಹತ್ತಿರ ಬರೋಣ.

ದಾಟುವ ಅಗಲ 14 ಮೀಟರ್ ಅಂತ ಇಟ್ಟುಕೊಳ್ಳಿ, ಮಧ್ಯೆ ಏನೂ ಇಲ್ಲ, ವಾಹನಗಳು 50 ಕಿಲೋಮೀಟರ್ ವೇಗದಲ್ಲಿ ಬರುತ್ತಿವೆ. ಸೈಕಲ್ ತಳ್ಳಿಕೊಂಡು ಸೆಕೆಂಡಿಗೆ 1.2 ಮೀಟರ್ ನಡೆದರೆ ಆಚೆ ದಡ ಸೇರಲು ಹೆಚ್ಚು ಕಡಿಮೆ 12 ಸೆಕೆಂಡು ಬೇಕು. ಅಷ್ಟರಲ್ಲಿ ಒಂದು ಕಾರು 160 ಮೀಟರಿಗಿಂತ ಜಾಸ್ತಿ ಓಡಿರುತ್ತದೆ. ಅಂದರೆ ಎರಡೂ ಕಡೆ, ಏಕಕಾಲಕ್ಕೆ, 160 ಮೀಟರಿಗಿಂತ ದೂರದವರೆಗೆ ರಸ್ತೆ ಖಾಲಿ ಇರಬೇಕು. ಬೆಳಗ್ಗೆ ಎಂಟೂವರೆಗೆ ಅಂಥ ಗಳಿಗೆ ಸಿಗುತ್ತಾ? ಈಗ ಅದೇ ರಸ್ತೆಯ ಮಧ್ಯೆ ನಿಲ್ಲಲು ಒಂದು ಜಾಗ ಮಾಡಿ. ಒಮ್ಮೆಗೆ ದಾಟಬೇಕಾದ್ದು ಏಳೇ ಮೀಟರ್, ಆರು ಸೆಕೆಂಡು, ನೋಡಬೇಕಾದ್ದು ಒಂದೇ ದಿಕ್ಕು, ಬೇಕಾದ ಖಾಲಿ ಜಾಗ 80 ಮೀಟರ್ ಚಿಲ್ಲರೆ. ಕುತ್ತಿಗೆ ಆ ಕಡೆ ಈ ಕಡೆ ತಿರುಗಿಸುತ್ತಾ ಓಡುವ ಕೆಲಸ ತಪ್ಪುತ್ತದೆ. ಸಿಗ್ನಲ್ ಇಲ್ಲದೆ, ಕರೆಂಟ್ ಇಲ್ಲದೆ ಇಷ್ಟು ಲಾಭ ಕೊಡುವ ಬೇರೆ ವಸ್ತು ನನಗೆ ಗೊತ್ತಿಲ್ಲ.

ಆದರೆ ಆ ಮಧ್ಯದ ಜಾಗ ಎಷ್ಟು ಅಗಲ ಅನ್ನುವುದರಲ್ಲಿ ಎಷ್ಟೋ ಯೋಜನೆಗಳು ಎಡವುತ್ತವೆ. ಒಂದು ಸಾಧಾರಣ ಸೈಕಲ್ಲಿನ ಉದ್ದ ಸುಮಾರು 1.8 ಮೀಟರ್. ಮೀಡಿಯನ್ ಒಂದೂಕಾಲು ಮೀಟರ್ ಇದ್ದರೆ ಮುಂದಿನ ಚಕ್ರ ಒಂದು ಲೇನಿನಲ್ಲಿ, ಹಿಂದಿನ ಚಕ್ರ ಇನ್ನೊಂದರಲ್ಲಿ ಚಾಚಿಕೊಂಡಿರುತ್ತದೆ. ಹಿಂದಿನ ಸೀಟಿನಲ್ಲಿ ಮಗು ಕೂತಿದ್ದರೆ, ಆ ಮಗು ಇರುವುದು ಲಾರಿ ಬರುವ ಜಾಗದ ಅಂಚಿನಲ್ಲಿ. ಎರಡೂವರೆ ಮೂರು ಮೀಟರ್ ಬಿಟ್ಟರೆ ಟ್ರೈಲರ್ ಕಟ್ಟಿಕೊಂಡವರಿಗೂ ನೆಮ್ಮದಿ. ಜೊತೆಗೆ ಅಲ್ಲಿ ಮೆಟ್ಟಿಲು ಬೇಡ, ರಸ್ತೆ ಮಟ್ಟಕ್ಕೇ ಇರಲಿ. ಗಿಡ ಹಾಕಬೇಕು ಅಂತ ಆಸೆ ಇದ್ದರೆ ಮೊಣಕಾಲೆತ್ತರ ಸಾಕು, ಇಲ್ಲದಿದ್ದರೆ ಹಿಂದೆ ನಿಂತ ಎಂಟು ವರ್ಷದ ಹುಡುಗಿ ಡ್ರೈವರಿಗೆ ಕಾಣುವುದಿಲ್ಲ. ಇದೇ ಕಾರಣಕ್ಕೆ ದಾಟುವ ಜಾಗದ ಹಿಂದೆ ಆರೇಳು ಮೀಟರ್ ಪಾರ್ಕಿಂಗ್ ಇರಬಾರದು. ಎರಡು ಕಾರು ನಿಲ್ಲಿಸುವ ಜಾಗ ಹೋಗುತ್ತದೆ ಅಂತ ಕೂಗಾಡುವವರು ಇದ್ದೇ ಇರುತ್ತಾರೆ. ಕೂಗಾಡಲಿ.

ವೇಗದ ಲೆಕ್ಕವನ್ನೂ ಒಮ್ಮೆ ಮಾಡಿಬಿಡಿ. 30ರಲ್ಲಿ ಬರುವ ಕಾರು, ಡ್ರೈವರ್ ನೋಡಿ, ಬ್ರೇಕ್ ತುಳಿದು, ಪೂರ್ತಿ ನಿಲ್ಲಲು 13-14 ಮೀಟರ್ ಬೇಕು. 50ರಲ್ಲಿ ಬರುವ ಕಾರಿಗೆ 28ರ ಹತ್ತಿರ. 30ರ ಕಾರು ನಿಂತುಬಿಟ್ಟಿರುವ ಜಾಗದಲ್ಲಿ 50ರ ಕಾರಿನ ಡ್ರೈವರ್ ಆಗಷ್ಟೇ ಬ್ರೇಕ್ ಮೇಲೆ ಕಾಲಿಡುತ್ತಿರುತ್ತಾನೆ. ಹಾಗಾಗಿ ಬರೀ ಜೀಬ್ರಾ ಗೆರೆ ಎಳೆದು ಕೈತೊಳೆದುಕೊಳ್ಳಬಾರದು. ಎರಡೆರಡು ಲೇನ್ ಇರುವ ರಸ್ತೆಯಲ್ಲಂತೂ ಅದು ಇನ್ನೂ ಅಪಾಯ. ಒಳ್ಳೆಯ ಮನಸ್ಸಿನ ಒಬ್ಬರು ಕಾರು ನಿಲ್ಲಿಸಿ "ಹೋಗಪ್ಪಾ" ಅಂತ ಕೈ ಮಾಡುತ್ತಾರೆ, ಪಕ್ಕದ ಲೇನಿನವನಿಗೆ ಆ ನಿಂತ ಕಾರು ಅಡ್ಡವಾಗಿ ದಾಟುತ್ತಿರುವವರೇ ಕಾಣಿಸುವುದಿಲ್ಲ. ಅಂಥ ಕಡೆ ಒಂದೋ ಲೇನ್ ಕಡಿಮೆ ಮಾಡಬೇಕು, ಇಲ್ಲ ಸಿಗ್ನಲ್ ಹಾಕಬೇಕು, ಮತ್ತು ವಾಹನ ನಿಲ್ಲುವ ಗೆರೆಯನ್ನು ಜೀಬ್ರಾದಿಂದ ಸಾಕಷ್ಟು ಹಿಂದಕ್ಕೆ ಎಳೆಯಬೇಕು. ಚಿಕ್ಕ ಅಡ್ಡರಸ್ತೆಗಳ ಬಾಯಲ್ಲಿ ದಾಟುವ ಜಾಗವನ್ನೇ ಫುಟ್‌ಪಾತ್ ಎತ್ತರಕ್ಕೆ ಏರಿಸಿಬಿಡಿ. ಕಾರು ಹತ್ತಿ ಇಳಿಯಬೇಕು, ಸೈಕಲ್ ಇಳಿಯಬೇಕಿಲ್ಲ. ತಿರುವಿನ ಮೂಲೆಯನ್ನು ಬಿಗಿ ಮಾಡಿದರೆ ಯಾರೂ ಗೇರ್ ಇಳಿಸದೆ ತಿರುಗಿಸಲು ಆಗುವುದಿಲ್ಲ.

ಸಿಗ್ನಲ್ ಅಂದಾಗ ನೆನಪಾಯಿತು. ಕೆಲವು ಸಿಗ್ನಲ್‌ಗಳಲ್ಲಿ ರಸ್ತೆ ಕೆಳಗೆ ತಂತಿಯ ಸುರುಳಿ ಹೂತಿರುತ್ತಾರೆ, ಮೇಲೆ ವಾಹನ ಬಂದು ನಿಂತರೆ ಅದಕ್ಕೆ ಗೊತ್ತಾಗಿ ಹಸಿರು ಕೊಡುತ್ತದೆ. ಕಾರಿಗೆ ತಕ್ಷಣ ಗೊತ್ತಾಗುತ್ತದೆ, ಸೈಕಲ್ ಸುರುಳಿಯ ಮಧ್ಯೆ ನಿಂತರೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ರಾತ್ರಿ ಹೊತ್ತು ಹಿಂದೆ ಕಾರು ಬರುವ ತನಕ ಕೆಂಪು ದೀಪ ನೋಡುತ್ತಾ ನಿಂತಿರಬೇಕು. ಚಕ್ರ ಸರಿಯಾಗಿ ತಂತಿಯ ಗೆರೆ ಮೇಲೆ ಇದ್ದರೆ ಸುರುಳಿ ಹಿಡಿಯುವ ಸಾಧ್ಯತೆ ಜಾಸ್ತಿ. ಆದ್ದರಿಂದ ಆ ಗೆರೆ ಮೇಲೆ ಒಂದು ಪುಟ್ಟ ಸೈಕಲ್ ಗುರುತು ಬರೆದು, ಸುರುಳಿಯ ಸೂಕ್ಷ್ಮತೆ ಏರಿಸಿದರೆ ಮುಗಿಯಿತು. ಅರ್ಧ ದಿನದ ಕೆಲಸ. ಬಟನ್ ಒತ್ತುವ ಸಿಗ್ನಲ್ ಆದರೆ ಬಟನ್ ಸವಾರನ ಕೈಗೆ ಸಿಗಬೇಕು, ಸೈಕಲ್ ಇಳಿದು ಕಂಬ ಹುಡುಕುವ ಹಾಗೆ ಇರಬಾರದು. ಒತ್ತಿ ಒಂದೂವರೆ ನಿಮಿಷ ಆದರೂ ಹಸಿರು ಬರದಿದ್ದರೆ ಜನ ಕೆಂಪಿನಲ್ಲೇ ನುಗ್ಗುತ್ತಾರೆ. ಆಮೇಲೆ "ಸೈಕಲ್‌ನವರಿಗೆ ಶಿಸ್ತಿಲ್ಲ" ಅನ್ನುವ ಭಾಷಣ ಬೇರೆ.

ದಾಟುವ ಜಾಗಗಳು ಗಟ್ಟಿಯಾದ ಮೇಲೆ ದಾರಿ ತನ್ನಷ್ಟಕ್ಕೆ ಸ್ಪಷ್ಟವಾಗುತ್ತದೆ. ಒಂದರಿಂದ ಇನ್ನೊಂದಕ್ಕೆ ಒಳರಸ್ತೆಗಳಲ್ಲಿ ಗೆರೆ ಎಳೆಯುವುದಷ್ಟೇ. ಇಲ್ಲಿ ಬಡಾವಣೆಗಳ ದೊಡ್ಡ ರೋಗ ಡೆಡ್ ಎಂಡ್. ಎರಡು ಮನೆಗಳ ಹಿತ್ತಿಲು ಬೆನ್ನಿಗೆ ಬೆನ್ನು ಕೊಟ್ಟು ನಿಂತಿರುತ್ತವೆ, ಆದರೆ ಇಲ್ಲಿಂದ ಅಲ್ಲಿಗೆ ಹೋಗಲು ಕಿಲೋಮೀಟರ್ ಸುತ್ತಬೇಕು. ಎರಡು ಕಾಂಪೌಂಡ್‌ಗಳ ನಡುವೆ ಮೂರು ಮೀಟರ್ ಅಗಲದ ಒಂದು ಓಣಿ ಸಿಕ್ಕರೆ ಇಡೀ ನಕ್ಷೆ ಬದಲಾಗುತ್ತದೆ. ಬೈಕ್ ನುಗ್ಗಬಾರದು ಅಂತ ಅಲ್ಲಿ ಅಡ್ಡಡ್ಡ ಕಬ್ಬಿಣದ ಗೇಟ್ ಹಾಕುವ ಚಾಳಿ ಇದೆ, ಅದರಿಂದ ಮೂರು ಚಕ್ರದ ಸೈಕಲ್, ಗಾಲಿಕುರ್ಚಿ, ಮಗುವಿನ ಗಾಡಿ ಎಲ್ಲಕ್ಕೂ ಕಲ್ಲು ಬೀಳುತ್ತದೆ. ಮಧ್ಯೆ ಒಂದು ಕಂಬ, ಎರಡೂ ಕಡೆ ಹತ್ತಿರ ಹತ್ತಿರ ಒಂದೂವರೆ ಮೀಟರ್ ಜಾಗ ಸಾಕು.

ನೆದರ್‌ಲ್ಯಾಂಡ್ಸ್‌ನ ಯೂಟ್ರೆಕ್ಟ್ ಪಕ್ಕದ ಹೌಟನ್ ಅನ್ನುವ ಊರು ಇದನ್ನೇ ತಲೆಕೆಳಗು ಮಾಡಿ ಕಟ್ಟಿದ್ದು. ಸೈಕಲ್‌ಗೆ ಊರ ಮಧ್ಯದಿಂದ ನೇರ ದಾರಿ. ಕಾರು ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಹೊರಗಿನ ರಿಂಗ್ ರೋಡಿಗೆ ಹೋಗಿ ಸುತ್ತಿ ಬರಬೇಕು. ಇಂಗ್ಲೆಂಡಿನ ಸ್ಟೀವನೇಜ್‌ನಲ್ಲೂ ಎರಿಕ್ ಕ್ಲ್ಯಾಕ್ಸ್‌ಟನ್ ಅನ್ನುವ ಎಂಜಿನಿಯರ್ ಬೇರೆಯೇ ಸೈಕಲ್ ದಾರಿ, ಅಂಡರ್‌ಪಾಸ್ ಎಲ್ಲ ಚೆನ್ನಾಗಿಯೇ ಮಾಡಿಸಿದ್ದರು. ಆದರೆ ಅಲ್ಲಿ ಕಾರಿಗೂ ಅಷ್ಟೇ ಸಲೀಸು ರಸ್ತೆ ಇತ್ತು, ಜನ ಕಾರನ್ನೇ ಹತ್ತಿದರು. ಎಲ್ಲ ಬಡಾವಣೆಯನ್ನೂ ಕೆಡವಿ ಹೌಟನ್ ಮಾಡಲು ಆಗುವುದಿಲ್ಲ, ನಿಜ. ಆದರೆ ಒಳರಸ್ತೆಯೊಂದರ ನಡುವೆ ನಾಲ್ಕು ಹೂಕುಂಡ ಇಟ್ಟು ಕಾರು ಅಡ್ಡಹಾದಿ ಹಿಡಿಯದಂತೆ ತಡೆಯಬಹುದು, ಅಷ್ಟಾದರೂ ಮಾಡಿ.

ಈಗ ಬೋರ್ಡ್. ಬರೀ ಸೈಕಲ್ ಚಿತ್ರ ಹಾಕಿ "ಸೈಕಲ್ ಮಾರ್ಗ" ಅಂತ ಬರೆದ ಬೋರ್ಡಿನಿಂದ ಯಾರಿಗೂ ಉಪಯೋಗ ಇಲ್ಲ. ಎಲ್ಲಿಗೆ ಹೋಗುತ್ತೆ ಈ ಮಾರ್ಗ? ಜಾಗದ ಹೆಸರು, ಬಾಣ, ದೂರ, ಮೂರೂ ಬೇಕು. ಪೋರ್ಟ್‌ಲ್ಯಾಂಡಿನ ಫಲಕಗಳಲ್ಲಿ ಎಷ್ಟು ನಿಮಿಷ ಅಂತಲೂ ಇರುತ್ತದೆ. ಅದು ಒಳ್ಳೆಯ ಉಪಾಯ, ಯಾಕೆಂದರೆ ಸೈಕಲ್ ಬಿಟ್ಟು ವರ್ಷಗಳಾದವರಿಗೆ ಮೂರು ಕಿಲೋಮೀಟರ್ ಅಂದರೆ ದೂರ ಅನಿಸುತ್ತದೆ, 12 ನಿಮಿಷ ಅಂದರೆ ಅನಿಸುವುದಿಲ್ಲ. ತಿರುವಿಗೆ ಸ್ವಲ್ಪ ಮುಂಚೆ ಒಂದು ಫಲಕ, ತಿರುಗಿದ ಮೇಲೆ "ಸರಿಯಾದ ದಾರಿಯಲ್ಲೇ ಇದ್ದೀರಿ" ಅನ್ನುವ ಹಾಗೆ ಇನ್ನೊಂದು. ಈ ಎರಡನೆಯದನ್ನು ದುಡ್ಡು ಉಳಿಸಲು ಬಿಟ್ಟುಬಿಡುತ್ತಾರೆ, ಒಳರಸ್ತೆಗಳಲ್ಲಿ ದಾರಿ ತಪ್ಪುವುದು ಅದಕ್ಕೇ. ದಾರಿಯಲ್ಲಿ ತಿರುವು ಜಾಸ್ತಿ ಇದ್ದಷ್ಟೂ ಫಲಕ ಜಾಸ್ತಿ ಬೇಕು. ಹಾಗಾಗಿ ಗೆರೆ ಎಳೆಯುವಾಗಲೇ ತಿರುವು ಕಡಿಮೆ ಮಾಡಿಕೊಳ್ಳುವುದು ಜಾಣತನ.

ಇನ್ನೊಂದು ಸೊಗಸಾದ ಪದ್ಧತಿ ಬೆಲ್ಜಿಯಂನದು. ಅಲ್ಲಿನ ಲಿಂಬರ್ಗ್ ಪ್ರಾಂತ್ಯದಲ್ಲಿ 1995ರಲ್ಲಿ ಹ್ಯೂಗೊ ಬೋಲೆನ್ ಅನ್ನುವ ಗಣಿ ಎಂಜಿನಿಯರ್ ಯೋಚನೆಯಂತೆ ಸೈಕಲ್ ದಾರಿಗಳು ಕೂಡುವ ಪ್ರತಿ ಜಾಗಕ್ಕೂ ಒಂದು ನಂಬರ್ ಕೊಟ್ಟರು. ಊರಿನ ಹೆಸರು ಗೊತ್ತಿರಬೇಕಿಲ್ಲ. 23, 47, 51 ಅಂತ ಒಂದು ಚೀಟಿಯಲ್ಲಿ ಬರೆದು ಹ್ಯಾಂಡಲ್‌ಗೆ ಅಂಟಿಸಿಕೊಂಡರೆ ಆಯಿತು, ಪ್ರತಿ ಕೂಡುವ ಜಾಗದಲ್ಲೂ ಮುಂದಿನ ನಂಬರಿನ ಕಡೆಗೆ ಬಾಣ ಇರುತ್ತದೆ. ಆಮೇಲೆ ನೆದರ್‌ಲ್ಯಾಂಡ್ಸ್‌ಗೂ ಇದು ಹಬ್ಬಿತು. ಸುತ್ತಾಡಲು ಹೋಗುವವರಿಗೆ ಇದಕ್ಕಿಂತ ಚೆಂದ ಇಲ್ಲ. ಶಾಲೆಗೆ, ಸ್ಟೇಷನ್ನಿಗೆ ಹೋಗುವವರಿಗೆ ಮಾತ್ರ ಹೆಸರು ಇರುವ ಫಲಕವೇ ಸರಿ ಅಂತ ನನ್ನ ಲೆಕ್ಕ.

ಇಷ್ಟೆಲ್ಲ ಕಾಂಕ್ರೀಟ್ ಹಾಕುವ ಮುಂಚೆ ಪ್ರಯೋಗ ಮಾಡಿ ನೋಡಬಹುದು. ಪ್ಲಾಸ್ಟಿಕ್ ಕಂಬ, ರಬ್ಬರ್ ಕರ್ಬ್, ಬಣ್ಣ ಬಳಸಿ ಮಧ್ಯದ ಜಾಗ, ಬಿಗಿಯಾದ ಮೂಲೆ ಎಲ್ಲವನ್ನೂ ಕೆಲವು ತಿಂಗಳು ಇಟ್ಟು, ಬಸ್ಸು ಮತ್ತು ಫೈರ್ ಇಂಜಿನ್ ಸರಾಗವಾಗಿ ತಿರುಗುತ್ತವಾ ನೋಡಿ, ಅರ್ಧ ಮೀಟರ್ ಆ ಕಡೆ ಈ ಕಡೆ ಸರಿಸಿ, ಆಮೇಲೆ ಗಟ್ಟಿ ಮಾಡುವುದು. ಎಣಿಕೆ ಮಾಡುವಾಗ ಈಗ ಎಷ್ಟು ಜನ ದಾಟುತ್ತಾರೆ ಅಂತ ಮಾತ್ರ ಎಣಿಸಬೇಡಿ. ಶಾಲೆಯಿಂದ ಎರಡು ಕಿಲೋಮೀಟರ್ ಒಳಗಿದ್ದೂ ಕಾರಿನಲ್ಲಿ ಬರುವ ಮಕ್ಕಳು ಎಷ್ಟು ಅಂತ ಶಾಲೆಯ ಗೇಟಿನಲ್ಲೇ ಕೇಳಿ.

ಮತ್ತೆ ಒಂದು ಸಣ್ಣ ವಿಷಯ, ಯಾರೂ ಬಜೆಟ್‌ನಲ್ಲಿ ಬರೆಯದಿರುವಂಥದ್ದು. ಪ್ರತಿ ಕಂಬಕ್ಕೂ ಒಂದು ನಂಬರ್ ಹಚ್ಚಿ, ಅದರ ಪಟ್ಟಿ ಒಬ್ಬರ ಹತ್ತಿರ ಇರಲಿ. ಗಾಡಿ ಗುದ್ದಿ ಬಾಣ ಬೇರೆ ಕಡೆ ತಿರುಗಿಕೊಂಡಿದ್ದರೆ, ಕೊಂಬೆ ಬೆಳೆದು ಫಲಕ ಮುಚ್ಚಿದ್ದರೆ, ಹೋಗುವವರು ಆ ನಂಬರ್ ಹೇಳಿ ಫೋನ್ ಮಾಡಬಹುದು. ವರ್ಷಕ್ಕೊಮ್ಮೆಯಾದರೂ ಯಾರಾದರೂ ಎಲ್ಲ ದಾರಿಗಳನ್ನೂ ಸೈಕಲ್‌ನಲ್ಲೇ, ಎರಡೂ ದಿಕ್ಕಿನಲ್ಲಿ, ಒಮ್ಮೆ ಕತ್ತಲಾದ ಮೇಲೂ ಓಡಿಸಿ ಪಟ್ಟಿ ತಾಳೆ ನೋಡಬೇಕು. ಹೋಗುವಾಗ ಕಾಣುವ ಎಷ್ಟೋ ಫಲಕಗಳಿಗೆ ಬರುವಾಗ ಜೋಡಿ ಇರುವುದೇ ಇಲ್ಲ.