ಎರಡು ಗಿಟಾರು, ಒಂದು ಕೆಮ್ಮು

ರಾತ್ರಿ ಪಾತ್ರೆ ತೊಳೀತಾ ಜರ್ಮನಿಯ ಇಬ್ಬರು ಗಿಟಾರಿಗರ ಲೈವ್ ಬ್ಲೂಸ್ ಆಲ್ಬಮ್ ಹಾಕಿದ್ದೆ. ಬ್ಲೂಸ್ ಅಂದರೆ ಅಮೆರಿಕದ ದಕ್ಷಿಣದಲ್ಲಿ, ಹತ್ತಿ ಹೊಲಗಳಲ್ಲಿ ದುಡೀತಿದ್ದ ಕಪ್ಪು ಜನರ ನಡುವೆ ಬೆಳೆದ ಸಂಗೀತ. ಡ್ರಮ್ಸ್ ಇಲ್ಲ, ಬೇಸ್ ಇಲ್ಲ. ಒಬ್ಬ ಹೆಬ್ಬೆರಳಲ್ಲಿ ದಪ್ಪ ತಂತಿ ಮೀಟ್ತಾ ಹನ್ನೆರಡು ಬಾರ್‌ಗಳ (ನಮ್ಮ ತಾಳದ ಆವರ್ತದಂಥ ಅಳತೆ) ಸುತ್ತು ಹಿಡಿದಿರ್ತಾನೆ. ಇನ್ನೊಬ್ಬ ಬೆರಳಿಗೆ ಗಾಜಿನ ಕೊಳವೆ ಸಿಕ್ಕಿಸಿಕೊಂಡು ತಂತಿ ಮೇಲೆ ಜಾರಿಸ್ತಾನೆ. ಆ ಜಾರು ಕೇಳಿದಾಗೆಲ್ಲ ನನ್ನ ಕಿವಿ ‘ಗಮಕ’ ಅನ್ನುತ್ತೆ. ಅಲ್ಲ, ಗೊತ್ತು. ಆದರೂ.

ಮಿಸಿಸಿಪ್ಪಿಯ ಹತ್ತಿ ಹೊಲಕ್ಕೂ ಜರ್ಮನಿಗೂ ಎಲ್ಲಿಯ ನಂಟು ಅಂದ್ಕೊಂಡರೆ, ನಂಟು ಹಳೇದೇ. 1962ರಲ್ಲಿ ಜರ್ಮನಿಯ ಕಾರ್ಯಕ್ರಮ ಸಂಘಟಕರಾದ ಹಾರ್ಸ್ಟ್ ಲಿಪ್‌ಮನ್, ಫ್ರಿಟ್ಜ್ ರಾವ್ (ನಮ್ಮ ಕಡೆಯ ರಾವ್ ಅಲ್ಲ!) ಸೇರಿ ‘ಅಮೆರಿಕನ್ ಫೋಕ್ ಬ್ಲೂಸ್ ಫೆಸ್ಟಿವಲ್’ ಶುರುಮಾಡಿದರು. ಜಾನ್ ಲೀ ಹೂಕರ್, ಟಿ-ಬೋನ್ ವಾಕರ್, ಮೆಂಫಿಸ್ ಸ್ಲಿಮ್, ವಿಲ್ಲಿ ಡಿಕ್ಸನ್‌ರಂಥ ಅಮೆರಿಕದ ಬ್ಲೂಸ್ ಕಲಾವಿದರನ್ನು ಯುರೋಪಿಗೆ ಕರೆತಂದರು. ಅಮೆರಿಕದ ದಕ್ಷಿಣದಲ್ಲಿ ಕಪ್ಪು ಜನರಿಗೆ ಬೇರೆ ಬಾಗಿಲು, ಬೇರೆ ಬೆಂಚು ಇದ್ದ ಕಾಲ ಅದು. ಯುರೋಪಿನ ದೊಡ್ಡ ಸಭಾಂಗಣಗಳಲ್ಲಿ ಜನ ಸಂಗೀತ ಕಚೇರಿಗೆ ಕೂತಂತೆ ಕೂತು ಕೇಳಿದರು. ಕುಡಿದು ಕುಣಿಯೋ ಜಾಗಗಳಲ್ಲಿ ಬೆಳೆದ ಸಂಗೀತಕ್ಕೆ ಅಷ್ಟೊಂದು ಮೌನ!

ಇನ್ನೂ ಹಿಂದಕ್ಕೆ ಹೋದರೆ, ಅಮೆರಿಕದ ಹೆಸರಾಂತ ಗಿಟಾರ್ ಕಂಪನಿ ಮಾರ್ಟಿನ್‌ನ ಮೂಲಪುರುಷನೇ ಜರ್ಮನಿಯವನು, 1833ರಲ್ಲಿ ನ್ಯೂಯಾರ್ಕಿಗೆ ಹೊರಟವನು.

ಮೂರನೇ ಹಾಡಿನ ಮಧ್ಯೆ ಯಾರೋ ಕೆಮ್ಮಿದರು. ಸ್ಟುಡಿಯೋ ಆಗಿದ್ರೆ ಕತ್ತರಿಸಿ ಹಾಕ್ತಿದ್ರು. ಕೈ ಒರೆಸ್ಕೊಂಡು ಹಿಂದಕ್ಕೆ ಎಳೆದು ಇನ್ನೊಂದ್ಸಲ ಕೇಳಿದೆ. ಬಾಣಲೆ ಇನ್ನೂ ಸಿಂಕಲ್ಲೇ ಇದೆ.