ಶಾರ್ಲಟ್‌ನಲ್ಲಿ ಯಾವ ಶಾಲೆಯ ಹತ್ತಿರ ಮನೆ ನೋಡಬೇಕು?

ಅಮೆರಿಕದ ಶಾರ್ಲಟ್‌ಗೆ ಹೊಸದಾಗಿ ಬರುವ ಕನ್ನಡದವರು ನನಗೆ ಫೋನ್ ಮಾಡಿದರೆ ಈ ಪ್ರಶ್ನೆ ಬಂದೇ ಬರುತ್ತದೆ. "ಯಾವ ಶಾಲೆ ಚೆನ್ನಾಗಿದೆ ಹೇಳಿ, ಅದರ ಹತ್ತಿರಾನೇ ಮನೆ ನೋಡ್ತೀವಿ." ಕೇಳುವುದರಲ್ಲಿ ತಪ್ಪಿಲ್ಲ. ಇಲ್ಲಿ ಸರ್ಕಾರಿ ಶಾಲೆಗೆ ಫೀಸಿಲ್ಲ, ಆದರೆ ಮನೆ ಎಲ್ಲಿದೆ ಅನ್ನುವುದರ ಮೇಲೆ ಸೀಟು. ರಸ್ತೆಯ ಈ ಬದಿಗೆ ಒಂದು ಶಾಲೆ, ಎದುರು ಬದಿಗೆ ಇನ್ನೊಂದು.

ನಾನು ಶಾಲೆಯ ಹೆಸರು ಹೇಳುವ ಮೊದಲು ಒಂದು ಹಳೇ ಕೇಸಿನ ಕಥೆ ಹೇಳುತ್ತೇನೆ. ಕೆಲವರು ಆಕಳಿಸುತ್ತಾರೆ.

ಡೇರಿಯಸ್ ಮತ್ತು ವೆರಾ ಸ್ವಾನ್ ಕಪ್ಪು ಜನಾಂಗದ ದಂಪತಿ. ಮಿಷನರಿಗಳಾಗಿ ನಮ್ಮ ಭಾರತದಲ್ಲಿದ್ದವರು. 1964ರಲ್ಲಿ ಶಾರ್ಲಟ್‌ಗೆ ಬಂದು, ಆರು ವರ್ಷದ ಮಗನನ್ನು ಸೆವರ್ಸ್‌ವಿಲ್ ಶಾಲೆಗೆ ಸೇರಿಸಲು ಹೋದರು. ಅಲ್ಲಿ ಕಪ್ಪು, ಬಿಳಿ ಮಕ್ಕಳು ಒಟ್ಟಿಗೆ ಓದುತ್ತಿದ್ದರು. ಶಾಲಾ ಮಂಡಳಿ ಒಪ್ಪಲಿಲ್ಲ. ಬರೀ ಕಪ್ಪು ಮಕ್ಕಳಿದ್ದ ಬಿಡಲ್‌ವಿಲ್‌ಗೆ ಕಳಿಸಿ ಅಂದಿತು. ಬಣ್ಣ ನೋಡಿ ಮಕ್ಕಳನ್ನು ಬೇರೆ ಬೇರೆ ಶಾಲೆಗೆ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1954ರಲ್ಲೇ ಹೇಳಿತ್ತು ಬೇರೆ! 1965ರಲ್ಲಿ ಜೂಲಿಯಸ್ ಚೇಂಬರ್ಸ್ ಎಂಬ ವಕೀಲರು ಕೇಸು ಹಾಕಿದರು. ಅದೇ ವರ್ಷ ಅವರ ಮನೆಗೆ ಬಾಂಬ್ ಇಟ್ಟರು.

ಮಂಡಳಿಯ ವಾದ ಸರಳ. ಅವರವರ ಏರಿಯಾದ ಶಾಲೆಗೆ ಅವರವರು ಹೋಗ್ತಾರೆ, ನಮ್ಮದೇನು ತಪ್ಪು? ಆದರೆ ಆ ಏರಿಯಾಗಳು ಸುಮ್ನೆ ಹುಟ್ಟಿದ್ದಲ್ಲ. ಯಾರಿಗೆ ಎಲ್ಲಿ ಮನೆ ಸಿಗಬೇಕು, ಸಾಲ ಸಿಗಬೇಕು, ಯಾವ ಕೇರಿ ಕೆಡವಬೇಕು ಎಂಬುದರಲ್ಲೆಲ್ಲ ಸರ್ಕಾರದ ಕೈ ಇತ್ತು. ಊರೊಳಗಿನ 21,000 ಕಪ್ಪು ಮಕ್ಕಳಲ್ಲಿ 14,000 ಮಂದಿ ಓದುತ್ತಿದ್ದ 21 ಶಾಲೆಗಳಲ್ಲಿ ಬಿಳಿ ಮಕ್ಕಳು ಇರಲೇ ಇಲ್ಲ ಅನ್ನಬಹುದು. ನ್ಯಾಯಾಧೀಶ ಜೇಮ್ಸ್ ಮೆಕ್‌ಮಿಲನ್, ಬಸ್ಸು ಹತ್ತಿಸಿಯಾದರೂ ಮಕ್ಕಳನ್ನು ಒಂದುಮಾಡಿ ಎಂದರು. 1971ರಲ್ಲಿ ಸುಪ್ರೀಂ ಕೋರ್ಟ್‌ನ 9 ಮಂದಿಯೂ ಅದನ್ನೇ ಎತ್ತಿಹಿಡಿದರು.

"ಪಾಪ, ಪುಟ್ಟ ಮಕ್ಕಳನ್ನ ಅಷ್ಟು ದೂರ ಕಳಿಸೋದಾ?" ಅಂತ ಕೇಳುವವರಿಗೆ ಆ ತೀರ್ಪಿನಲ್ಲೇ ಉತ್ತರವಿದೆ. ಇಲ್ಲಿ ಮೊದಲೇ 23,600 ಮಕ್ಕಳು ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದರು, ಒಂದು ಕಡೆಗೇ ಗಂಟೆಗಿಂತ ಜಾಸ್ತಿ. ಹೊಸ ಯೋಜನೆಯಲ್ಲಿ ಸಣ್ಣ ಮಕ್ಕಳಿಗೆ 35 ನಿಮಿಷದೊಳಗಿನ ದಾರಿ. ಸಿಟ್ಟು ಬಸ್ಸಿನ ಮೇಲಲ್ಲ ಅಂತ ನನ್ನ ಅನಿಸಿಕೆ.

ಹಾಗಂತ ಹೊರೆ ಎಲ್ಲರಿಗೂ ಸಮ ಬೀಳಲಿಲ್ಲ. ಕಪ್ಪು ಜನ ಪ್ರೀತಿಯಿಂದ ಬೆಳೆಸಿದ ಸೆಕೆಂಡ್ ವಾರ್ಡ್ ಹೈಸ್ಕೂಲ್ 1969ರಲ್ಲೇ ಮುಚ್ಚಿತ್ತು. ಆದರೂ ಇಲ್ಲಿ ಬಸ್ಸಿಂಗ್ ನಡೆಯಿತು. ಕಾರಣ, ಊರಿನ ಮತ್ತು ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) ಶಾಲೆಗಳು 1960ರಲ್ಲೇ ಒಂದಾಗಿದ್ದವು. ತಪ್ಪಿಸಿಕೊಳ್ಳಲು ಊರಾಚೆ ಮನೆ ಮಾಡಿದರೂ ಅದೇ ಮಂಡಳಿ. ಡೆಟ್ರಾಯ್ಟ್‌ನಲ್ಲಿ ಹಾಗಿರಲಿಲ್ಲ. ಸುತ್ತಲಿನ ಊರುಗಳನ್ನು ಬಲವಂತವಾಗಿ ಸೇರಿಸುವಂತಿಲ್ಲ ಎಂದು 1974ರಲ್ಲಿ ಕೋರ್ಟ್ ಹೇಳಿದ ಮೇಲೆ ಅಲ್ಲಿ ಕಥೆ ಮುಗಿಯಿತು.

ಇಲ್ಲೂ ಕೊನೆಗೆ ಮುಗಿಯಿತು. 1997ರಲ್ಲಿ ಬಿಳಿ ಜನಾಂಗದ ತಂದೆಯೊಬ್ಬರು, ಬಣ್ಣದ ಕಾರಣಕ್ಕೆ ತನ್ನ ಮಗಳಿಗೆ ಸೀಟು ತಪ್ಪಿತೆಂದು ಕೇಸು ಹಾಕಿದರು. 1999ರಲ್ಲಿ ತೀರ್ಪು ಮಂಡಳಿಯ ವಿರುದ್ಧ ಬಂತು. 2002ರಿಂದ ಮತ್ತೆ 'ಮನೆ ಹತ್ತಿರದ ಶಾಲೆ'. 1974ರಲ್ಲಿ ಇದೇ ಬಸ್ಸಿಂಗ್ ಜಗಳಕ್ಕೆ ಬಾಸ್ಟನ್ ಹೊತ್ತಿ ಉರಿಯುತ್ತಿದ್ದಾಗ ಅಲ್ಲಿನ ವಿದ್ಯಾರ್ಥಿಗಳು ವೆಸ್ಟ್ ಶಾರ್ಲಟ್ ಹೈಸ್ಕೂಲಿಗೆ ಬಂದು, ಒಟ್ಟಿಗೆ ಓದುವುದು ಹೇಗೆಂದು ನೋಡಿಕೊಂಡು ಹೋಗಿದ್ದರು. ಈಗ ಅದೇ ಶಾಲೆಯಲ್ಲಿ ಬಿಳಿ ಮಕ್ಕಳನ್ನು ಹುಡುಕಬೇಕು.

ಇಷ್ಟು ಹೇಳಿದ ಮೇಲೂ, "ಸರಿ ಅಕ್ಕಾ, ಆದ್ರೂ ಶಾಲೆ ಹೆಸರು?" ಅಂತಾರೆ. ಹೇಳುತ್ತೇನೆ. ರೇಟಿಂಗ್ ನೋಡಿಯೇ ಮನೆ ತಗೊಂಡವಳು ನಾನೂ. ಜೊತೆಗೆ, ಮ್ಯಾಗ್ನೆಟ್ ಶಾಲೆಗಳ (ಬೇರೆ ಏರಿಯಾದ ಮಕ್ಕಳೂ ಸೇರಬಹುದಾದ, ವಿಶೇಷ ವಿಷಯಗಳ ಸರ್ಕಾರಿ ಶಾಲೆಗಳು) ಲಾಟರಿಗೂ ಅರ್ಜಿ ಹಾಕಿ ನೋಡಿ ಅನ್ನುತ್ತೇನೆ. ಆಗ ಬರುವ ಮೊದಲ ಪ್ರಶ್ನೆ: "ಬಸ್ಸಲ್ಲಿ ಎಷ್ಟು ಹೊತ್ತಾಗುತ್ತೆ?"